ಎರಡು ಕಿಲೋ ಎಚ್ಚರ

ಚಿಕ್ಕಬಳ್ಳಾಪುರ ಹುಟ್ಟಿದ್ದು ಒಂದು ಮೊಲದ ದೆಸೆಯಿಂದ ಎನ್ನುತ್ತದೆ ಊರಿನ ಐತಿಹ್ಯ. ಆವತಿ ನಾಡಪ್ರಭುಗಳ ಮನೆತನದ ಮರಿಗೌಡ ಕೋಡಿಮಂಚೇನಹಳ್ಳಿಯ ಕಾಡಿಗೆ ಬೇಟೆಗೆ ಹೋಗಿದ್ದನಂತೆ. ಬೇಟೆನಾಯಿಗಳು ಎರಗಿ ಬಂದರೂ ಅಲ್ಲೊಂದು ಮೊಲ ಕಾಲಿಗೆ ಬುದ್ಧಿ ಹೇಳಲಿಲ್ಲ. ಅವುಗಳೆದುರೇ ಅಳುಕದೆ ಚುರುಕಾಗಿ ಸುಳಿದಾಡಿಕೊಂಡಿತ್ತು. ಈ ನೆಲದ ಜನರ ಕೆಚ್ಚೇ ಮೊಲಕ್ಕೂ ಬಂದಿದೆ ಎಂದು ದೊರೆ ಬಗೆದ. ವಿಜಯನಗರದ ಅರಸರ ಅಪ್ಪಣೆ ಪಡೆದು ಕೋಟೆ ಕಟ್ಟಿಸಿದ, ಪೇಟೆ ಬೆಳೆಯಿತು. ವಿಜಯನಗರದ ಹುಟ್ಟಿನ ಬಗ್ಗೆಯೂ ಇಂಥದೇ ಮೊಲದ ಕಥೆಯೊಂದಿದೆ.

ಕಥೆ ನಡೆದದ್ದೋ ಕಟ್ಟಿದ್ದೋ, ಹೇಳಿದವರಿಗಂತೂ ಮೊಲದ ಸ್ವಭಾವ ಚೆನ್ನಾಗಿ ಗೊತ್ತಿತ್ತು. ಓಡುವುದು ಮೊಲದ ದಿನಚರಿ. ಓಡದೆ ನಿಂತರೆ ಅದು ಊರು ಕಟ್ಟಿಸುವಷ್ಟು ದೊಡ್ಡ ಸುದ್ದಿ. ಈಗ ಚಿಕ್ಕಬಳ್ಳಾಪುರದಲ್ಲೋ ಚಿಂತಾಮಣಿಯಲ್ಲೋ ಯಾರದೋ ನಡುಮನೆಯಲ್ಲಿ ಬಿಳಿ ಮೊಲವೊಂದು ಹಿಂಗಾಲು ಚಾಚಿ, ಮಗ್ಗುಲಾಗಿ ಬಿದ್ದುಕೊಂಡಿದೆ ಅನ್ನಿ. ಅದೂ ಅಷ್ಟೇ ದೊಡ್ಡ ಸುದ್ದಿ. ಎಷ್ಟು ದೊಡ್ಡದು ಎಂದು ತಿಳಿಯಬೇಕಾದರೆ ಆ ಎರಡು ಕಿಲೋ ಮೈಯೊಳಗಿನ ಲೆಕ್ಕ ಬಿಡಿಸಬೇಕು.

ಮೊದಲು ಒಂದು ವ್ಯತ್ಯಾಸ. ನಂದಿಬೆಟ್ಟದ ತಪ್ಪಲಿನ ಕುರುಚಲಿನಲ್ಲಿ, ಗೌರಿಬಿದನೂರಿನ ಕಡಲೆಕಾಯಿ ಹೊಲಗಳ ಬದುವಿನಲ್ಲಿ ರಾತ್ರಿ ಹೆಡ್‌ಲೈಟಿಗೆ ಸಿಕ್ಕಿ ಜಿಗಿದು ಮರೆಯಾಗುವ ಕಾಡುಮೊಲ ಬೇರೆ, ಮನೆಯ ಸಾಕುಮೊಲ ಬೇರೆ. ಕಾಡುಮೊಲದ ಜೀವಕೋಶದಲ್ಲಿ 48 ವರ್ಣತಂತುಗಳು, ಸಾಕುಮೊಲದಲ್ಲಿ 44. ಎರಡೂ ಕೂಡಿ ಮರಿ ಹಾಕಲಾರವು. ಕಾಡುಮೊಲದ ಮರಿ ಕಣ್ಣು ಬಿಟ್ಟುಕೊಂಡೇ, ಮೈತುಂಬ ತುಪ್ಪಳ ಹೊದ್ದೇ ಹುಟ್ಟುತ್ತದೆ. ಸಾಕುಮೊಲದ ಮರಿ ಬೆತ್ತಲೆಯಾಗಿ, ಕುರುಡಾಗಿ ಹುಟ್ಟಿ, ಕಣ್ಣು ಬಿಡಲು ಸುಮಾರು 10 ದಿನ ತೆಗೆದುಕೊಳ್ಳುತ್ತದೆ. ಕಾಡುಮೊಲ ಬಯಲಲ್ಲಿ ಬಹುಮಟ್ಟಿಗೆ ಒಂಟಿಯಾಗಿ ಬದುಕುವ ಪ್ರಾಣಿ. ಅದನ್ನು ಹಿಡಿಯುವುದು, ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಸಾಕುಮೊಲದ ಪೂರ್ವಜರು ಯುರೋಪಿನ ನೈರುತ್ಯ ಮೂಲೆಯವರು. ನೆಲದಡಿ ಬಿಲ ತೋಡಿ ಬಳಗ ಕಟ್ಟಿಕೊಂಡು ಬಾಳಿದವರು. ಜೊತೆಗಾರರಿಗೆ ಸುದ್ದಿ ಮುಟ್ಟಿಸುವ, ಜೊತೆಗಾರರನ್ನು ನಂಬುವ ಅಭ್ಯಾಸ ಆ ಬಿಲದ ಕೊಡುಗೆ. ಮನೆಯವರ ಜೊತೆ ಅದು ಹೊಂದಿಕೊಳ್ಳುವುದು ಈ ಹಳೆಯ ಬಳಗದ ಲೆಕ್ಕದಲ್ಲೇ.

ಈಗ ಕಣ್ಣು. ನಮ್ಮ ಎರಡು ಕಣ್ಣು ಸೇರಿ ಸುಮಾರು 180ರಿಂದ 200 ಡಿಗ್ರಿಯಷ್ಟು ಸುತ್ತಲಿನ ನೋಟ ಹಿಡಿಯುತ್ತವೆ. ಮೊಲಕ್ಕೆ ಹೆಚ್ಚುಕಡಿಮೆ 360. ತಲೆ ತಿರುಗಿಸದೆ ಹಿಂದೆ ಬಂದವರನ್ನು ನೋಡುತ್ತದೆ, ಮೇಲೆ ತೇಲುವ ಗಿಡುಗವನ್ನೂ ನೋಡುತ್ತದೆ. ಇದಕ್ಕೆ ಅದು ತೆತ್ತ ಬೆಲೆ ಎಂದರೆ, ಎರಡೂ ಕಣ್ಣು ಒಂದೇ ವಸ್ತುವನ್ನು ಕೂಡಿ ನೋಡುವ ಭಾಗ ನಮಗೆ ಸುಮಾರು 120 ಡಿಗ್ರಿಯಾದರೆ ಅದಕ್ಕೆ ಬರೀ 30ರ ಆಸುಪಾಸು. ಮೂಗಿನ ತುದಿಯ ಮುಂದೆ ಪೂರ್ತಿ ಕುರುಡು. ಪ್ರೀತಿಯಿಂದ ಮೂತಿಯ ನೇರಕ್ಕೆ ಚಾಚಿದ ಕೈ ಮೊಲದ ಪಾಲಿಗೆ ಕಾಣದ ಕಡೆಯಿಂದ ಬಂದ ಕೈ. ಅದು ಬೆಚ್ಚಿ ಹಿಂದೆ ಸರಿದರೆ ‘ಇದಕ್ಕೆ ನಾನಂದ್ರೆ ಆಗಲ್ಲ’ ಎಂದು ಮುನಿಯಬೇಕಾಗಿಲ್ಲ. ಪಕ್ಕದಿಂದ, ಕಾಣುವಂತೆ ಕೈ ತಂದು ಹಣೆ ಸವರಿದರಾಯಿತು.

ರೆಪ್ಪೆಯ ಲೆಕ್ಕ ಇನ್ನೂ ಸೋಜಿಗ. ನಾವು ನಿಮಿಷಕ್ಕೆ ಸುಮಾರು 15 ಸಲ, ಗಂಟೆಗೆ 900 ಸಲ ರೆಪ್ಪೆ ಬಡಿಯುತ್ತೇವೆ. ಮೊಲ ಗಂಟೆಗೆ 10ರಿಂದ 12 ಸಲ. ನಾವು ಎಪ್ಪತ್ತೈದು ಸಲ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಅದು ಒಮ್ಮೆ ಮುಚ್ಚುತ್ತದೆ. ಎಷ್ಟೋ ಸಲ ನಿದ್ದೆಯಲ್ಲೂ ಕಣ್ಣು ತೆರೆದೇ ಇರುತ್ತದೆ. ಹಾಗಾಗಿ ಮೊಲ ನಿಮ್ಮ ಪಕ್ಕದಲ್ಲಿ ರೆಪ್ಪೆ ಪೂರ್ತಿ ಮುಚ್ಚಿ ಮಲಗಿದರೆ, ತನ್ನ ಕಾವಲನ್ನು ನಿಮಗೆ ಒಪ್ಪಿಸಿದೆ ಎಂದೇ ಅರ್ಥ.

ಕಿವಿಗೆ ಬನ್ನಿ. ಎರಡು ಕಿವಿಗಳೂ ಒಂದಕ್ಕೊಂದು ಸಂಬಂಧವಿಲ್ಲದೆ, ಒಂದೊಂದೂ ಸುಮಾರು 270 ಡಿಗ್ರಿ ತಿರುಗಬಲ್ಲವು. ಒಂದು ಕಿವಿ ನಿಮ್ಮ ಮಾತಿಗೆ, ಇನ್ನೊಂದು ಬೀದಿಯ ನಾಯಿಗೆ. ಮನುಷ್ಯನ ಕಿವಿ 20,000 ಹರ್ಟ್ಸ್‌ಗೆ ನಿಂತುಬಿಡುತ್ತದೆ. ಮೊಲದ ಕಿವಿ ಸುಮಾರು 49,000 ಹರ್ಟ್ಸ್‌ವರೆಗೂ ಹೋಗುತ್ತದೆ. ಹೆದರಿದ ಇಲಿ ಹೊರಡಿಸುವ 22,000 ಹರ್ಟ್ಸ್‌ನ ಕೂಗು ನಮಗೆ ಇಲ್ಲವೇ ಇಲ್ಲ. ಮೊಲದ ಕಿವಿಗೆ ಅದು ಬೀಳುವ ದನಿಯೇ. ನಡುರಾತ್ರಿ ಏನೂ ಇಲ್ಲದ್ದಕ್ಕೆ ಮೊಲ ನೆಟ್ಟಗೆ ಎದ್ದು ಕೂತಿತು ಎಂದರೆ, ಏನೂ ಇಲ್ಲದ್ದು ನಮ್ಮ ಪಾಲಿಗೆ ಮಾತ್ರ. ಕಿವಿ ನೆಟ್ಟಗೆ ನಿಂತರೆ ಎಚ್ಚರ. ಬೆನ್ನಿಗೆ ಬಿಗಿಯಾಗಿ ಅಂಟಿ, ಮೈ ಮುದುಡಿ, ಕಣ್ಣು ಹೊರಚಾಚಿದರೆ ಭಯ. ಅದೇ ಕಿವಿ ಬೆನ್ನ ಮೇಲೆ ಸಡಿಲವಾಗಿ ಜೋತು, ಮೈಯೂ ಸಡಿಲವಾಗಿದ್ದರೆ ನೆಮ್ಮದಿ. ಕಿವಿಯೊಂದನ್ನೇ ನೋಡಿ ತೀರ್ಪು ಕೊಡುವವರು ಎಡವುವುದು ಇಲ್ಲೇ.

ಮೂಗು ಸುಮ್ಮನಿರುವುದೇ ಅಪರೂಪ. ಅದರೊಳಗಿನ ವಾಸನೆ ಹಿಡಿಯುವ ಕೋಶಗಳು ಅಂದಾಜು 10 ಕೋಟಿ. ನಮ್ಮವು 50–60 ಲಕ್ಷ. ಮೂಗಿನ ಹೊಳ್ಳೆ ನಿಮಿಷಕ್ಕೆ 20 ಸಲವೂ ಅಲುಗಬಹುದು, 120 ಸಲವೂ ಅಲುಗಬಹುದು. ಮೊಲದ ಮನಸ್ಸನ್ನು ಅಳೆಯಲು ಕೈಗಡಿಯಾರವೊಂದೇ ಸಾಕು: ಹೊಸಬರು ಬಂದಾಗ, ವಾಸನೆ ಹೊಸದಾದಾಗ ವೇಗ ಏರುತ್ತದೆ, ನಂಬಿದವರ ಪಕ್ಕದಲ್ಲಿ ಇಳಿಯುತ್ತಾ ಇಳಿಯುತ್ತಾ ಕೆಲವೊಮ್ಮೆ ನಿಂತೇ ಹೋಗುತ್ತದೆ.

ಇಷ್ಟೆಲ್ಲವನ್ನು ನಡೆಸುವ ಎಂಜಿನ್ ಎದೆಯಲ್ಲಿದೆ. ಆರೋಗ್ಯವಂತ ಮೊಲದ ಹೃದಯ ನಿಮಿಷಕ್ಕೆ 180ರಿಂದ 250 ಸಲ ಬಡಿಯುತ್ತದೆ. 200 ಎಂದೇ ಹಿಡಿದರೂ ದಿನಕ್ಕೆ 2,88,000 ಬಡಿತ. 10 ವರ್ಷ ಬದುಕಿದರೆ 105 ಕೋಟಿ. ನಿಮಿಷಕ್ಕೆ 70ರಂತೆ ಬಡಿಯುವ ನಮ್ಮ ಹೃದಯ ಆ ಎಣಿಕೆ ಮುಟ್ಟಲು 28 ವರ್ಷ ದಾಟಬೇಕು.

ಈ ಎಂಜಿನ್ನಿಗೆ ಕಟ್ಟಿದ ಚೌಕಟ್ಟು ಮಾತ್ರ ಬಲು ಹಗುರ. ಬೆಕ್ಕಿನ ಮೈತೂಕದಲ್ಲಿ ಮೂಳೆಯ ಪಾಲು ನೂರಕ್ಕೆ 12–13, ಮೊಲದಲ್ಲಿ 7–8. ಎರಡು ಕಿಲೋ ಮೊಲದ ಇಡೀ ಅಸ್ಥಿಪಂಜರ 150 ಗ್ರಾಂ ಸುಮಾರು. ಹಿಂಗಾಲಿನ ಸ್ನಾಯುಗಳಿಗಾದರೋ ಓಟಕ್ಕೆಂದೇ ಬಂದ ಅಸಾಧ್ಯ ಬಲ. ತಪ್ಪಾಗಿ ಎತ್ತಿಕೊಂಡಾಗ ಮೊಲ ಗಾಬರಿಯಿಂದ ಒದ್ದರೆ ಆ ಒದೆತಕ್ಕೆ ಅದರದೇ ಬೆನ್ನುಮೂಳೆ ಮುರಿಯಬಹುದು. ಕಾಡಿನಲ್ಲಿ ಮೊಲದ ನಾಲ್ಕೂ ಕಾಲು ನೆಲ ಬಿಡುವ ಸಂದರ್ಭ ಎರಡೇ: ತಾನಾಗಿ ಹಾರಿದಾಗ, ಇಲ್ಲವೇ ಬೇಟೆಗಾರನ ಹಿಡಿತಕ್ಕೆ ಬಿದ್ದಾಗ. ಮಕ್ಕಳು ಎತ್ತಿ ಮುದ್ದಾಡಿದಾಗ ಅದರ ಮೈ ಎರಡನೆಯದನ್ನೇ ನೆನೆಯುತ್ತದೆ. ಅಂಗಾತ ಮಲಗಿಸಿದರೆ ಕಲ್ಲಿನಂತೆ ಬಿದ್ದುಕೊಳ್ಳುವುದನ್ನು ‘ಎಷ್ಟು ಹಾಯಾಗಿದೆ ನೋಡಿ’ ಎಂದು ವಿಡಿಯೊ ಮಾಡುವವರಿದ್ದಾರೆ. ಅದು ಹಾಯಲ್ಲ, ಸಿಕ್ಕಿಬಿದ್ದ ಪ್ರಾಣಿಯ ಕಡೆಯ ಉಪಾಯ. ನಮ್ಮ ಮೊಲಕ್ಕೆ ಮಾತ್ರ ಅದೇ ಇಷ್ಟ ಎಂದು ವಾದಿಸುವವರಿಗೆ, ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಗಾದೆ ಇದ್ದೇ ಇದೆ.

ಮೊಲ ಕೂಗಿ ಹೇಳುವ ಪ್ರಾಣಿಯಲ್ಲ. ನೆಲಕ್ಕೆ ಗುದ್ದಿ ಹೇಳುವ ಪ್ರಾಣಿ. ಅಪಾಯದ ಸುಳಿವು ಸಿಕ್ಕರೆ ಹಿಂಗಾಲು ಎತ್ತಿ ಧಪ್ಪೆಂದು ಬಡಿಯುತ್ತದೆ. ಬಿಲದೊಳಗೆ ಕೂತ ಬಳಗಕ್ಕೆ ಗಾಳಿಯಲ್ಲಿ ಸದ್ದು ಬರುವುದಕ್ಕಿಂತ ಮಣ್ಣಿನಲ್ಲಿ ನಡುಕ ಬರುವುದು ಮುಖ್ಯ. ಈ ಜಿಲ್ಲೆಗೆ ನೆಲದ ನಡುಕ ಕೇಳುವ ಕೆಲಸ ಹೊಸದಲ್ಲ. 1965ರಲ್ಲಿ ಪರಮಾಣು ಶಕ್ತಿ ಇಲಾಖೆ ಬ್ರಿಟನ್ನಿನ ನೆರವಿನಿಂದ ಗೌರಿಬಿದನೂರಿನಲ್ಲಿ ಕಂಪನಮಾಪಕಗಳ ಸಾಲನ್ನೇ ಹೂಡಿತು. ಇಂಗ್ಲಿಷಿನ ‘ಎಲ್’ ಅಕ್ಷರದಂತೆ ಕಿಲೋಮೀಟರುಗಟ್ಟಲೆ ಹರಡಿದ ಸುಮಾರು 20 ಮಾಪಕಗಳು, ಸಾವಿರಾರು ಕಿಲೋಮೀಟರು ಆಚೆ ಯಾರೋ ನೆಲದಡಿ ಅಣುಬಾಂಬು ಸಿಡಿಸಿದರೆ ಇಲ್ಲಿನ ಗಟ್ಟಿ ಬಂಡೆಯಲ್ಲಿ ಆ ನಡುಕವನ್ನು ಹಿಡಿಯಬೇಕಿತ್ತು. ಭೂಖಂಡದ ಅಳತೆಯಲ್ಲಿ ಆ ಯಂತ್ರಗಳು ಮಾಡುವುದನ್ನು ಮನೆಯ ಅಳತೆಯಲ್ಲಿ ಮೊಲದ ಪಾದ ಮಾಡುತ್ತದೆ: ದೂರದ ಅಪಾಯದ ಸುದ್ದಿಯನ್ನು ನೆಲದಿಂದ ನೆಲಕ್ಕೆ ದಾಟಿಸುತ್ತದೆ. ದೀಪಾವಳಿಯ ಪಟಾಕಿಗೆ ಮಂಚದಡಿ ಸೇರಿ ಮೊಲ ಗುದ್ದತೊಡಗಿದರೆ ಗದರಬೇಡಿ. ಅದು ತನ್ನೊಬ್ಬನ ಭಯವನ್ನಷ್ಟೇ ಹೇಳುತ್ತಿಲ್ಲ, ಬಳಗದವರಾದ ನಿಮ್ಮನ್ನೂ ಎಚ್ಚರಿಸುತ್ತಿದೆ.

ಸುಖದ ಮಾತುಗಳೂ ಉಂಟು; ಅವು ಸಣ್ಣ ದನಿಯವು. ಮೊಲಕ್ಕೆ 28 ಹಲ್ಲು, ಜೀವಮಾನವಿಡೀ ಬೆಳೆಯುವಂಥವು. ಮುಂಬಲ್ಲು ವರ್ಷಕ್ಕೆ 10 ಸೆಂ.ಮೀ.ಗೂ ಹೆಚ್ಚು ಬೆಳೆಯುತ್ತದೆ. ಹುಲ್ಲು ಜಗಿದು ಸವೆಸದಿದ್ದರೆ 10 ವರ್ಷಕ್ಕೆ ಮೀಟರು ದಾಟುವ ಹಲ್ಲು ಅದು. ಹಣೆ ಸವರುವಾಗ ಆ ಹಲ್ಲುಗಳನ್ನು ಮೆಲ್ಲಗೆ ಕಟಕಟ ಎನಿಸಿದರೆ ಅದು ಖುಷಿ. ಗಟ್ಟಿಯಾಗಿ ಕಡಿದರೆ ನೋವು. ಕಾಲ ಸುತ್ತ ಸುತ್ತಿದರೆ ಸಂಭ್ರಮ, ಕೆಲವೊಮ್ಮೆ ಬೆದೆ. ಗಲ್ಲದಡಿಯ ಗ್ರಂಥಿಯನ್ನು ಕುರ್ಚಿಗೋ ನಿಮ್ಮ ಕಾಲಿಗೋ ಉಜ್ಜಿದರೆ ‘ಇದು ನನ್ನದು’ ಎಂಬ ಸಹಿ. ತಲೆ ತಗ್ಗಿಸಿ ಕೈಯಡಿ ತೂರಿಸಿದರೆ ಸವರೆಂಬ ಅಪ್ಪಣೆ. ಕೈ ನೆಕ್ಕಿದರೆ, ಬಿಲದ ಬಳಗದಲ್ಲಿ ಒಬ್ಬರನ್ನೊಬ್ಬರು ನೆಕ್ಕಿ ನಯಗೊಳಿಸುವ ಮರ್ಯಾದೆ ನಿಮಗೂ ಸಂದಿತು. ಎಲ್ಲಕ್ಕಿಂತ ಮಿಗಿಲು, ಇದ್ದಕ್ಕಿದ್ದಂತೆ ಮೇಲಕ್ಕೆ ನೆಗೆದು ಗಾಳಿಯಲ್ಲೇ ಮೈ ತಿರುಚಿ, ಕಾಲು ಝಾಡಿಸಿ ಇಳಿಯುವ ಕುಣಿತ. ಸ್ವೀಡನ್ನಿನ ಸಾಕುಮೊಲವೊಂದು 2019ರಲ್ಲಿ 107 ಸೆಂ.ಮೀ. ಎತ್ತರ ಹಾರಿ ವಿಶ್ವದಾಖಲೆ ಬರೆಯಿತು. ಪ್ರಾಣ ಉಳಿಸಿಕೊಳ್ಳಲೆಂದು ಬಂದ ಕಾಲುಗಳನ್ನು ಮೊಲ ಸುಮ್ಮನೆ ಖುಷಿಗೆ ಖರ್ಚು ಮಾಡುವುದು, ಓಡಬೇಕಾದ ಅಗತ್ಯ ಇಲ್ಲವೆಂದು ಖಾತ್ರಿಯಾದ ಮೇಲೆಯೇ.

ನೋವನ್ನು ಮಾತ್ರ ಮೊಲ ಬಚ್ಚಿಡುತ್ತದೆ. ಕುಂಟುವ ಮೊಲವನ್ನು ನರಿ ಮೊದಲು ಆರಿಸಿಕೊಳ್ಳುವ ಲೋಕದಿಂದ ಬಂದದ್ದು ಅದು. 2012ರಲ್ಲಿ ಇಂಗ್ಲೆಂಡಿನ ನ್ಯೂಕಾಸಲ್ ವಿಶ್ವವಿದ್ಯಾಲಯದ ಸಂಶೋಧಕರೂ ಜೊತೆಗಾರರೂ ಮೊಲದ ಮುಖದ ನೋವನ್ನು ಅಳೆಯುವ ಅಳತೆಗೋಲು ರೂಪಿಸಿದರು. ಕಣ್ಣು ಕಿರಿದಾಗುವುದು, ಕೆನ್ನೆ ಚಪ್ಪಟೆಯಾಗುವುದು, ಹೊಳ್ಳೆಯ ಆಕಾರ ಬದಲಾಗುವುದು, ಮೀಸೆ ಬಿಗಿಯುವುದು, ಕಿವಿ ಸುರುಳಿಗಟ್ಟಿ ಹಿಂದಕ್ಕೆ ಹೋಗುವುದು: ಹೀಗೆ ಐದು ಗುರುತು, ಒಂದೊಂದಕ್ಕೆ 0ಯಿಂದ 2 ಅಂಕ. ಮನೆಯಲ್ಲಿ ಇದಕ್ಕಿಂತ ಸುಲಭದ ಅಳತೆಯೊಂದಿದೆ: ಹಿಕ್ಕೆ. ಚೆನ್ನಾಗಿರುವ ಮೊಲ ದಿನಕ್ಕೆ 200ರಿಂದ 300 ಹಿಕ್ಕೆ ಹಾಕುತ್ತದೆ. ಆ ರಾಶಿ ಇದ್ದಕ್ಕಿದ್ದಂತೆ ಇಳಿದು, ಸೊಪ್ಪು ಮುಟ್ಟದೆ ಅರ್ಧ ದಿನ ಕಳೆಯಿತೆಂದರೆ ಕರುಳು ನಿಂತಿದೆ. ಬೆಳಗಾಗಲಿ ನೋಡೋಣ ಎಂದು ಕಾಯದೆ ಪಶುವೈದ್ಯರ ಬಳಿಗೆ ಓಡಬೇಕು.

ಇನ್ನು ಬಿಸಿಲು. ಸಾಕುಮೊಲಕ್ಕೆ ಹಿತ 15ರಿಂದ 21 ಡಿಗ್ರಿ ಸೆಲ್ಸಿಯಸ್. ಬಯಲುಸೀಮೆಯ ಏಪ್ರಿಲ್ ಮಧ್ಯಾಹ್ನ 35ರ ಗೆರೆ ಮುಟ್ಟುತ್ತದೆ. ಮೊಲ ಬೆವರುವುದಿಲ್ಲ. ಕಾವು ಹೊರಹೋಗುವ ಮುಖ್ಯ ದಾರಿ ಕಿವಿಗಳೇ. ಕಿವಿ ಕೆಂಪೇರಿ ಬಿಸಿಯಾಗಿ, ಉಸಿರು ಏರಿ, ಬಾಯಿ ತೆರೆದರೆ ಅದು ಅಪಾಯದ ಕಡೆಯ ಹಂತ. ಮುಗಿಲಿನ ತಂಪಿಗೆ ಹೆಸರಾದ ನಂದಿಬೆಟ್ಟ 1,478 ಮೀಟರು ಎತ್ತರದಲ್ಲಿದೆ; ಅದರ ಬುಡದಲ್ಲಿ ಶೀಟು ಹೊದಿಸಿದ ಮಹಡಿಯ ಮೇಲೆ ಗೂಡಿಟ್ಟರೆ ಆ ತಂಪು ಮೊಲಕ್ಕೆ ದಕ್ಕದು.

ಮೂಕಜೀವದ ಮೈ ಓದುವ ವಿದ್ಯೆ ಈ ಸೀಮೆಯಲ್ಲಿ ಹೊಟ್ಟೆಪಾಡಿನ ವಿದ್ಯೆ ಎಂಬುದನ್ನು ಮರೆಯಬಾರದು. ಏಷ್ಯಾದ ದೊಡ್ಡ ರೇಷ್ಮೆಗೂಡಿನ ಮಾರುಕಟ್ಟೆಗಳಲ್ಲಿ ಒಂದು ಶಿಡ್ಲಘಟ್ಟದ್ದು. ‘ನೂರು ಮೊಟ್ಟೆ’ ಸಾಕಿದ್ದೇವೆ ಎಂದು ಅಲ್ಲಿನ ರೈತ ಹೇಳಿದರೆ, ಒಂದೊಂದು ಚಿಟ್ಟೆ ಇಟ್ಟ 400–500 ಮೊಟ್ಟೆಗಳ ನೂರು ತಂಡ ಎಂದರ್ಥ; ಹುಳುಮನೆಯಲ್ಲಿ 40,000ದಿಂದ 50,000 ಜೀವಗಳು. ಇಪ್ಪತ್ತೈದು ದಿನದ ಆಸುಪಾಸಿನ ಆ ಬಾಳಿನಲ್ಲಿ ಹುಳು ನಾಲ್ಕು ಸಲ ‘ಜ್ವರ’ಕ್ಕೆ ಕೂರುತ್ತದೆ: ಸೊಪ್ಪು ಬಿಟ್ಟು, ತಲೆ ಎತ್ತಿ, ಅಲುಗದೆ ಪೊರೆ ಕಳಚಲು ಕಾಯುತ್ತದೆ. ಆ ತಲೆ ಎತ್ತುವುದನ್ನು ನೋಡಿ ಸೊಪ್ಪು ನಿಲ್ಲಿಸಬೇಕು, ಜ್ವರ ಎದ್ದದ್ದನ್ನು ನೋಡಿ ಮತ್ತೆ ಹಾಕಬೇಕು; ಮೈ ತಿಳಿಯಾಗಿ ಹಣ್ಣಾದದ್ದನ್ನು ನೋಡಿ ಗೂಡು ಕಟ್ಟುವ ಚಂದ್ರಿಕೆಗೆ ಬಿಡಬೇಕು. ಐವತ್ತು ಸಾವಿರ ಮೈಗಳ ಭಾಷೆ ತಪ್ಪದೆ ಓದುವ ಇಂಥ ಮನೆಗಳಿಗೆ ಒಂದು ಮೊಲದ ಮೈ ಕಷ್ಟದ ಪಾಠವೇನಲ್ಲ. ಮೊಲಕ್ಕೂ ಹಿಪ್ಪುನೇರಳೆ ಸೊಪ್ಪು ಬಲು ಇಷ್ಟ; ಹುಳುವಿಗೆ ಹಾಕಬಹುದಾದ, ಔಷಧಿ ಸೋಂಕದ ಸೊಪ್ಪನ್ನು ಒಣಹುಲ್ಲಿನ ಜೊತೆಗೆ ಮಿತವಾಗಿ ಕೊಡಬಹುದು.

ಆದರೆ ಹುಳು ನಮ್ಮನ್ನು ಗುರುತಿಸುವುದಿಲ್ಲ, ಮೊಲ ಗುರುತಿಸುತ್ತದೆ. ಆ ನಂಟು ಕೂಡುವ ಗಣಿತವೇ ಬೇರೆ. ತಾಯಿಮೊಲ ಮರಿಗಳಿಗೆ ಹಾಲೂಡುವುದು ದಿನಕ್ಕೆ ಸಾಮಾನ್ಯವಾಗಿ ಒಂದೇ ಸಲ, ಮೂರರಿಂದ ಐದು ನಿಮಿಷ. ಹೆಚ್ಚು ಹೊತ್ತು ಕೂತರೆ ಬೇಟೆಗಾರರಿಗೆ ಗೂಡಿನ ಸುಳಿವು ಸಿಗುತ್ತದೆ. 25 ದಿನ ಹಾಲೂಡಿದರೂ ಒಟ್ಟು ಲೆಕ್ಕ ಹೆಚ್ಚೆಂದರೆ ಎರಡು ಗಂಟೆ ಐದು ನಿಮಿಷ. ಕನ್ನಡದ ಒಂದು ಸಿನಿಮಾ ಮುಗಿಯುವ ಮುನ್ನ ಮೊಲದ ತಾಯ್ತನದ ಹಾಲಿನ ಪಾಳಿ ಮುಗಿದಿರುತ್ತದೆ. ಹಂಗೇರಿಯ ಪೀಟರ್ ಪೊಂಗ್ರಾಟ್ಸ್ ಮತ್ತು ವಿಲ್ಮೋಸ್ ಆಲ್ಟ್‌ಬೆಕರ್ 1999ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೊಂದು ಕಿಟಕಿ ತೋರಿಸಿತು. ಹುಟ್ಟಿದ ಮೊದಲ ವಾರ, ಹಾಲು ಕುಡಿಯುವ ಹೊತ್ತಿನ ಆಸುಪಾಸಿನಲ್ಲೇ ಮನುಷ್ಯರು ಮುಟ್ಟಿದ ಮರಿಗಳು ಮುಂದೆ ಮನುಷ್ಯರಿಗೆ ಕಡಿಮೆ ಹೆದರಿದವು. ಬೇರೆ ಹೊತ್ತಿನಲ್ಲಿ ಮುಟ್ಟಿದರೆ ಆ ಗುಣ ಕಾಣಲಿಲ್ಲ. ಕಣ್ಣೇ ಬಿಡದ ಮರಿ, ಬರೀ ವಾಸನೆಯಿಂದ, ದಿನದ ಕೆಲವೇ ನಿಮಿಷಗಳಲ್ಲಿ ಯಾರನ್ನು ನಂಬಬೇಕೆಂದು ಬರೆದುಕೊಳ್ಳುತ್ತದೆ.

ಮಿದುಳಿನಲ್ಲೂ ಆ ಬರಹದ ಗುರುತು ಉಂಟು, ಒಂದು ಜೀವದ್ದಲ್ಲ, ನೂರಾರು ತಲೆಮಾರಿನದು. 2018ರಲ್ಲಿ ಸಾಕುಮೊಲದ ಪೂರ್ವಜರ ಜಾತಿಯವೇ ಆದ ಎಂಟು ಕಾಡಿನ ಮೊಲ, ಎಂಟು ಸಾಕುಮೊಲಗಳ ಮಿದುಳನ್ನು ಎಂಆರ್‌ಐಯಲ್ಲಿ ಹೋಲಿಸಿ ನೋಡಿದಾಗ, ಸಾಕುಮೊಲದಲ್ಲಿ ಭಯ ಹುಟ್ಟಿಸುವ ಅಮಿಗ್ಡಲಾ ಕುಗ್ಗಿತ್ತು, ಭಯವನ್ನು ಹತೋಟಿಯಲ್ಲಿಡುವ ಮುಂಭಾಗದ ಒಂದು ಪಾಲು ಹಿಗ್ಗಿತ್ತು. ಮನುಷ್ಯರ ಜೊತೆಗಿನ ಬಾಳು ಅದರ ತಲೆಬುರುಡೆಯೊಳಗಿನ ಜಾಗವನ್ನೇ ಮರುಹಂಚಿದೆ. ಆದರೂ ಕುಗ್ಗಿದೆಯೇ ಹೊರತು ಅಳಿದಿಲ್ಲ. ಉಳಿದ ಭಯವನ್ನು ಕರಗಿಸುವುದು ಸಾಕುವವರ ಪಾಲಿನ ಕೆಲಸ.

ಕಾಡಿನ ಲೆಕ್ಕದಲ್ಲಿ ಒಂದು ಮೊಲ ಎಂದರೆ ಏನೂ ಅಲ್ಲ. ಹುಟ್ಟಿದ ಹತ್ತರಲ್ಲಿ ಒಂಬತ್ತು ಮೊದಲ ವರ್ಷ ದಾಟದ ತಾಣಗಳುಂಟು. ಆ ನಷ್ಟ ತುಂಬಿಕೊಳ್ಳಲೆಂದೇ 31 ದಿನಕ್ಕೊಂದು ಸೂಲು. ಸಾಯಿಸುವವರು ಕಡಿಮೆಯಾದರೆ ಏನಾಗುತ್ತದೆಂದು ಆಸ್ಟ್ರೇಲಿಯಾ ಕಂಡಿದೆ: 1859ರಲ್ಲಿ ಥಾಮಸ್ ಆಸ್ಟಿನ್ ಎಂಬ ಜಮೀನುದಾರ ಬೇಟೆಯ ಮೋಜಿಗೆಂದು ತರಿಸಿದ್ದು 24 ಮೊಲ, 1950ರ ಹೊತ್ತಿಗೆ ಅಂದಾಜು 60 ಕೋಟಿ. ತಡೆಯಲೆಂದು 1907ರ ಹೊತ್ತಿಗೆ ಕಟ್ಟಿ ಮುಗಿಸಿದ ಬೇಲಿಗಳ ಒಟ್ಟು ಉದ್ದ 3,256 ಕಿ.ಮೀ., ಬೆಂಗಳೂರಿನಿಂದ ದೆಹಲಿಗೆ ಹೋಗುವ ರಸ್ತೆಯ ಒಂದೂವರೆಯಷ್ಟು. ಅದೇ ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ 1964ರಲ್ಲಿ ಯಾರೋ ಒಂದು ಕಾಡಿನ ಮೊಲವನ್ನು ಹಿಡಿದು ಫ್ಲಾಪ್ಸಿ ಎಂದು ಹೆಸರಿಟ್ಟು ಸಾಕಿದರು. ಅದು 18 ವರ್ಷ 10 ತಿಂಗಳು ಮೀರಿ ಬದುಕಿತು; ಅತಿ ದೀರ್ಘ ಬದುಕಿದ ಮೊಲವೆಂಬ ಗಿನ್ನೆಸ್ ದಾಖಲೆ ಅದರದು. ಕೋಟಿಗಳಲ್ಲಿ ಎಣಿಸಿ ಕೊಲ್ಲುತ್ತಿದ್ದ ನಾಡಿನಲ್ಲೇ, ಹೆಸರಿಟ್ಟು ನೋಡಿಕೊಂಡ ಒಂದೇ ಒಂದು.

ಜಾತ್ರೆಯಿಂದಲೋ ಪೆಟ್ ಅಂಗಡಿಯಿಂದಲೋ ಮರಿ ತರುವ ಮುನ್ನ ಮಾಡಬೇಕಾದ ಲೆಕ್ಕವೂ ಇದೇ. ಚೆನ್ನಾಗಿ ಸಾಕಿದ ಮೊಲ 8ರಿಂದ 12 ವರ್ಷ ಬದುಕುತ್ತದೆ. ಎರಡನೇ ತರಗತಿಯ ಮಗು ಹಟ ಹಿಡಿದು ತಂದ ಮರಿ, ಆ ಮಗು ಪಿಯುಸಿ ಪರೀಕ್ಷೆ ಬರೆಯುವಾಗಲೂ ಮನೆಯಲ್ಲಿರಬಹುದು. ಅಷ್ಟು ವರ್ಷ ಅದಕ್ಕೆ ಬೇಕಾದದ್ದು ಎತ್ತಿಕೊಳ್ಳುವ ಕೈಯಲ್ಲ; ದಿನಕ್ಕೆ ಅರ್ಧ ಗಂಟೆ ನೆಲದ ಮೇಲೆ ಅದರ ಮಟ್ಟಕ್ಕೆ ಕೂತು, ಏನೂ ಮಾಡದೆ ಸುಮ್ಮನಿರುವ ಒಬ್ಬ ಮನುಷ್ಯ. ವರ್ಷಕ್ಕೆ 180 ಗಂಟೆ ಚಿಲ್ಲರೆ. ಅಷ್ಟು ಕೊಡಲಾಗುವವರು ತರಲಿ. ಆಗದವರು ಮಗುವಿಗೆ ಸಂಜೆ ಹೊತ್ತು ಕುರುಚಲಿನ ಅಂಚಿನಲ್ಲಿ, ದೂರದಿಂದ, ಕಾಡುಮೊಲ ತೋರಿಸಲಿ.